ಎಡಕ್ಕೆ ಬಿಟ್ಟ ಜಾಗ

ಮಲ್ಲೇಶಪ್ಪ ಮೊಲದ ಬಾಯಿ ಬಿಡಿಸಿ ಹಲ್ಲು ನೋಡಲು ಹೊರಟಿದ್ದೇ ತಡ, ಮೊಲ ಮಾರುವ ದಿಲಾವರ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಬಿದ್ದು ಬಿದ್ದು ನಕ್ಕ.

"ಕಾಕಾ, ಅದು ಎತ್ತಲ್ರಿ! ಎರಡ ಹಲ್ಲಿಂದೋ ನಾಲ್ಕ ಹಲ್ಲಿಂದೋ ಅಂತ ನೋಡಾಕ ಹತ್ತೀರಲ್ಲ. ಬೆರಳ ಕಚ್ಚಿದ್ರ ಗೊತ್ತಾಗತೈತಿ, ಬಿಡ್ರಿ."

"ನಗಬ್ಯಾಡಲೇ ತಮ್ಮಾ. ಜೀವ ಅಂದ ಮ್ಯಾಲ ಹಲ್ಲ ಇರತಾವ. ಹಲ್ಲ ನೋಡಲಾರದ ಇಲ್ಲಿ ಮಟ ಒಂದ ಜೋಡಿನೂ ಕಟ್ಟಿಲ್ಲ ನಾ," ಎಂದು ಮಲ್ಲೇಶಪ್ಪ ಗಂಭೀರವಾಗಿಯೇ ಹೇಳಿದ. ಆಮೇಲೆ ಮೊಲದ ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕಿದ. ಕಾಲು ನೀಡಿಸಿ ನೋಡಿದ. ಕಿವಿಯ ಉದ್ದವನ್ನು ಗೇಣಿನಿಂದ ಅಳೆದು, ಮನೆಯಲ್ಲಿ ಅಳೆದುಕೊಂಡು ಬಂದ ದಾರದ ಜೊತೆ ಹೋಲಿಸಿದ. ಸುತ್ತ ನಾಲ್ಕು ಜನ ನಿಂತು ನೋಡತೊಡಗಿದರು. ಗಜೇಂದ್ರಗಡದ ಸಂತೆಯಲ್ಲಿ ಅಷ್ಟು ಹೊತ್ತು ಒಂದು ಮೊಲವನ್ನು ಪರೀಕ್ಷೆ ಮಾಡಿದ ಮನುಷ್ಯ ಅವತ್ತಿನವರೆಗೆ ಯಾರೂ ಇರಲಿಲ್ಲ.

ಜನಕ್ಕೇನು ಗೊತ್ತು? ಮುಶಿಗೇರಿಯ ಮಲ್ಲೇಶಪ್ಪ ಅಂದರೆ ರೋಣದಿಂದ ನರಗುಂದದವರೆಗೆ ಎತ್ತಿನ ಜೋಡಿ ಕಟ್ಟುವುದರಲ್ಲಿ ಎತ್ತಿದ ಕೈ. ಒಂಟಿ ಎತ್ತು ಉಳಿದವರು ಅವನನ್ನು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವನು ಇನ್ನೊಂದನ್ನು ಹುಡುಕಿ ತಂದು, ಬಣ್ಣಕ್ಕೆ ಬಣ್ಣ, ಎತ್ತರಕ್ಕೆ ಎತ್ತರ, ನಡಿಗೆಗೆ ನಡಿಗೆ ಕೂಡಿಸಿ, ಒಂದು ತಿಂಗಳಲ್ಲಿ ಎರಡೂ ಒಂದೇ ತಾಯಿಯ ಮಕ್ಕಳೇನೋ ಅನ್ನುವಂತೆ ಮಾಡಿಕೊಡುತ್ತಿದ್ದ. ಆದರೆ ಎರಡು ವರ್ಷದಿಂದ ಅವನು ಯಾವ ಸಂತೆಗೂ ಕಾಲಿಟ್ಟಿರಲಿಲ್ಲ.

"ಹೋಗ್ಲಿ ಬಿಡ್ರಿ, ಗಂಡ ಕೊಡ್ಲೋ ಹೆಣ್ಣ ಕೊಡ್ಲೋ?" ಎಂದು ದಿಲಾವರ ಕೇಳಿದ.

"ಮನ್ಯಾಗ ಇರೋದು ಗಂಡು. ಜೋಡಿಗೂ ಗಂಡ ಬೇಕಲ್ಲಲೇ. ಎತ್ತಿನ ಜೋಡಿ ಆಕಳ ಹೂಡ್ತಾರೇನು?"

"ಹಂಗಲ್ರಿ ಕಾಕಾ, ಮೊಲದಾಗ..."

"ನಿಮ್ಮಪ್ಪ ಸಣ್ಣಾಂವ ಇದ್ದಾಗಿಂದ ಜೋಡಿ ಕಟ್ಟಾಕ ಹತ್ತೀನಿ ನಾ. ನನಗ ಕಲಸ್ತಿ ಏನು?" ಎಂದು ಮಲ್ಲೇಶಪ್ಪ ಕೈ ಎತ್ತಿದ. ದಿಲಾವರ ಬಾಯಿ ಮುಚ್ಚಿಕೊಂಡ. ಹಿರಿಯರ ಮಾತಿಗೆ ಅಡ್ಡ ಬರಬಾರದು ಎಂಬ ಒಳ್ಳೆಯ ಬುದ್ಧಿಯೇ ಅವತ್ತು ಎಡವಟ್ಟು ಮಾಡಿತು.

ಮನೆಯಲ್ಲಿದ್ದ ಮೊದಲ ಮೊಲದ ಹೆಸರು ಬೆಣ್ಣಿ. ಮಗ ಕಲ್ಲೇಶ ಹೋದ ವರ್ಷ ತನ್ನ ಮಗಳು ರೇಷ್ಮಾಳಿಗೆಂದು ನರಗುಂದದಿಂದ ತಂದದ್ದು. ಹತ್ತು ವರ್ಷದ ರೇಷ್ಮಾ ಮನೆಯಲ್ಲಿದ್ದಾಗ ಅದು ಅವಳ ಕಾಲಕಾಲಿಗೆ ಸುತ್ತುತ್ತಿತ್ತು. ಅವಳು ಶಾಲೆಗೆ ಹೋದಳೆಂದರೆ ನೀರಿನ ಸ್ಟೀಲು ಕೊಡದ ಹತ್ತಿರ ಹೋಗಿ, ಎಡಮೈಯನ್ನು ಕೊಡಕ್ಕೆ ಒತ್ತಿ, ಸಂಜೆಯವರೆಗೂ ಕೂತುಬಿಡುತ್ತಿತ್ತು. ಕೊಡದ ಹೊಟ್ಟೆಯಲ್ಲಿ ಇನ್ನೊಂದು ಬಿಳಿ ಮೊಲ ಕಾಣುತ್ತಿತ್ತು.

"ತನ್ನ ಮಾರಿ ತಾನ ನೋಡ್ಕೋತ ಕುಂತೈತಿ, ಹುಚ್ಚಪ್ಯಾಲಿ," ಎಂದು ಮನೆಯವರೆಲ್ಲ ನಕ್ಕರು. ಮಲ್ಲೇಶಪ್ಪ ನಗಲಿಲ್ಲ. ಅವನ ಎದೆಯಲ್ಲಿ ಏನೋ ಚುರ್ ಎಂದಿತು.

ಯಾಕೆಂದರೆ ಹಾಗೆ ಎಡಕ್ಕೆ ಜೊತೆ ಹುಡುಕಿ ನಿಂತ ಇನ್ನೊಂದು ಜೀವದ ಸುದ್ದಿಯನ್ನು ಅವನು ಮೊದಲೊಮ್ಮೆ ಕೇಳಿದ್ದ. ಎರಡು ವರ್ಷದ ಕೆಳಗೆ ಕಲ್ಲೇಶ ಟ್ರ್ಯಾಕ್ಟರ್ ತಂದ. ಕೊಟ್ಟಿಗೆಯಲ್ಲಿ ಸರದಾರ, ಸಾರಂಗ ಎಂಬ ಎರಡು ಎತ್ತುಗಳಿದ್ದವು. ಮಲ್ಲೇಶಪ್ಪ ಕಟ್ಟಿದ ಜೋಡಿಗಳಲ್ಲೆಲ್ಲ ಅದೇ ಮೇಲು. ಬಲಕ್ಕೆ ಸರದಾರ, ಎಡಕ್ಕೆ ಸಾರಂಗ, ಒಂಬತ್ತು ವರ್ಷ ಒಂದೇ ನೊಗ. ಜೋಡಿಯಾಗಿ ಕೊಳ್ಳುವವರು ಯಾರೂ ಬರಲಿಲ್ಲ. ಅಬ್ಬಿಗೇರಿಯ ಪ್ರಭುಲಿಂಗಪ್ಪನಿಗೆ ಬಲಕ್ಕೊಂದು ಎತ್ತು ಬೇಕಿತ್ತು, ನರಗುಂದದ ಕಡೆಯವರೊಬ್ಬರಿಗೆ ಎಡಕ್ಕೊಂದು. "ಸ್ವಲ್ಪ ತಡೀರಿ, ಜೋಡಿ ಒಯ್ಯಾವ್ರು ಬಂದ ಬರ್ತಾರ," ಎಂದು ಹೆಂಡತಿ ತಿಪ್ಪವ್ವ ಅಂಗಲಾಚಿದಳು. ಸಾರಂಗನನ್ನು ಅವಳು ಕರುವಿದ್ದಾಗಿನಿಂದ ಸಾಕಿದ್ದಳು. ಮಲ್ಲೇಶಪ್ಪ ಅವಳ ಮಾತು ಕೇಳಲಿಲ್ಲ. ಒಂದೇ ದಿನ ಎರಡನ್ನೂ ಎರಡು ದಿಕ್ಕಿಗೆ ಕೊಟ್ಟು ಕಳಿಸಿದ.

ನಾಲ್ಕನೆಯ ದಿನ ಪ್ರಭುಲಿಂಗಪ್ಪನ ಫೋನ್ ಬಂತು. "ಮಲ್ಲೇಶಪ್ಪಾರ, ನಿಮ್ಮ ಎತ್ತ ಚಲೋ ಐತ್ರಿ, ಆದ್ರ ಒಂದ ನಮೂನಿ ನಿಲ್ಲತೈತಿ. ಅಷ್ಟ ದೊಡ್ಡ ಮೇವಿನ ಗ್ವಾದಲಿ ಮುಂದ ಬಲಕ್ಕ ಸರದ ನಿಂತು, ಎಡಕ್ಕ ಒಂದ ಎತ್ತ ನಿಲ್ಲುವಷ್ಟ ಜಾಗಾ ಖಾಲಿ ಬಿಡತೈತ್ರಿ. ಎಷ್ಟ ದಬ್ಬಿದ್ರೂ ಆ ಜಾಗಾಕ್ಕ ಬರವಲ್ದು."

ಆ ಮಾತನ್ನು ಅವನು ತಿಪ್ಪವ್ವನಿಗೆ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ. ಅವಳು ಕೊಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜಗಳ ಮಾಡಲಿಲ್ಲ, ಊಟ ಬಡಿಸುವುದು ಬಿಡಲಿಲ್ಲ, ಆದರೆ ಆ ಎರಡು ಹೆಸರು ಮಾತ್ರ ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಅಂತೂ ಬಸವ ಜಯಂತಿಯಾದ ಮರುವಾರ ಎರಡನೆಯ ಮೊಲ ಮುಶಿಗೇರಿಗೆ ಬಂತು. ಬೆಳ್ಳಗೆ, ದುಂಡಗೆ, ಬೆಣ್ಣಿಯ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೆತ್ತ ತಾಯಿಗೂ ಗುರುತು ಸಿಗಬಾರದು. ರೇಷ್ಮಾ ಅದಕ್ಕೆ ಹತ್ತಿ ಎಂದು ಹೆಸರಿಟ್ಟಳು. ಹೊಸ ಎತ್ತು ಬಂದಾಗ ಮಾಡುವಂತೆ ತಿಪ್ಪವ್ವ ಹೊಸ್ತಿಲಲ್ಲಿ ಅದರ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಬೆಳಗಿದಳು. ಮೊಲ ನಾಲ್ಕೂ ಕಾಲು ಒಂದೊಂದಾಗಿ ಕೊಡವಿ, ಅವಳ ಮುಖಕ್ಕೇ ನೀರು ಸಿಡಿಸಿತು. ಮನೆ ತುಂಬ ನಗು. ಮಲ್ಲೇಶಪ್ಪ ಬಹಳ ದಿನಕ್ಕೆ ಮೀಸೆ ತಿರುವಿಕೊಂಡ.

"ನೋಡ್ರಿ ಈಗ, ಎಂಥಾ ಜೋಡಿ ಆಗತಾವ," ಎಂದು ಬೆಣ್ಣಿಯ ಗೂಡಿನ ಬಾಗಿಲು ತೆಗೆದು ಹತ್ತಿಯನ್ನು ಒಳಗೆ ಬಿಟ್ಟ.

ಒಂದು ಗಳಿಗೆ ಎರಡೂ ಕಲ್ಲಿನಂತೆ ಕೂತವು. ಮೂಗು ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಬೆಣ್ಣಿ ಹಿಂಗಾಲಿನಿಂದ ಹಲಗೆಯ ಮೇಲೆ ಧಡ್ ಎಂದು ಒಂದು ಏಟು ಹಾಕಿತು. ಅಷ್ಟು ಸಣ್ಣ ಕಾಲಿನಿಂದ ಅಂಥ ಸದ್ದು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಮರುಕ್ಷಣ ಗೂಡಿನೊಳಗೆ ಎರಡು ಮೊಲ ಇರಲಿಲ್ಲ. ಸುತ್ತುತ್ತಿದ್ದ ಒಂದು ಬಿಳಿ ಉಂಡೆ ಮಾತ್ರ ಇತ್ತು. ಕೂದಲು ಕಿತ್ತು ಕಿತ್ತು ಹಾರುತ್ತಿತ್ತು. ಬಾಯಿಲ್ಲದ ಪ್ರಾಣಿ ಎನ್ನುತ್ತಾರಲ್ಲ, ಅದು ಒಂದು ಸಲ ಚೀರಿತು.

"ಯಪ್ಪಾ ಶಿವನ! ಬಿಡಸ್ರಿ, ಕೊಂದ ಒಗೀತಾವ!" ಎಂದು ತಿಪ್ಪವ್ವ ಕೂಗಿಕೊಂಡಳು. ಮಲ್ಲೇಶಪ್ಪ ಕೈ ಹಾಕಿದ. ಹಾಯಲು ಬಂದ ಎಷ್ಟೋ ಹೋರಿಗಳ ಮೂಗುದಾರ ಹಿಡಿದು ನಿಲ್ಲಿಸಿದ ಕೈ ಅದು. ಹೊರಗೆ ಬಂದಾಗ ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು. ಹತ್ತಿಯ ಬಲಗಿವಿಯ ಅಂಚು ಹರಿದು, ಬೆಳ್ಳನೆಯ ಕತ್ತಿನ ಮೇಲೆ ಕೆಂಪು ಇಳಿದಿತ್ತು. ಎರಡನ್ನೂ ಗುರುತು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ರೇಷ್ಮಾ ಅಳಲಿಲ್ಲ. ಅಜ್ಜನ ಮುಖ ನೋಡಿ, "ನೀ ಜೋಡಿ ಆಗತಾವ ಅಂದಿದ್ದಿ," ಎಂದಳು. ಅದಕ್ಕಿಂತ ಅತ್ತಿದ್ದರೇ ವಾಸಿಯಿತ್ತು.

ಸಂಜೆ ಕಲ್ಲೇಶ ಹೊಲದಿಂದ ಬಂದು ಎಲ್ಲ ಕೇಳಿದ. "ಯಪ್ಪಾ, ಅದನ್ನ ವಾಪಸ್ ಕೊಟ್ಟ ಬಾ. ನಾಳೆ ಮನ್ಯಾಗ ಒಂದ ಮೊಲ ಸತ್ತ ಬಿದ್ರ ಈ ಹುಡುಗಿನ್ನ ಯಾರು ಸಮಾಧಾನ ಮಾಡವ್ರು?"

"ಕೊಡೂದಿಲ್ಲ," ಎಂದ ಮಲ್ಲೇಶಪ್ಪ. ಬೆರಳಿಗೆ ಅರಿಶಿನ ಕಟ್ಟಿಸಿಕೊಳ್ಳುತ್ತ ಕೂತಿದ್ದ. "ಒಂದ ಸಲ ಜೋಡಿ ಒಡದೀನಿ, ಕಲ್ಲೇಶ. ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ."

ಪಟ್ಟಿ ಕಟ್ಟುತ್ತಿದ್ದ ತಿಪ್ಪವ್ವನ ಕೈ ಒಂದು ಕ್ಷಣ ನಿಂತಿತು. "ಆತು, ಮಣ್ಣೆತ್ತಿನ ಅಮಾಸಿ ಮಟ ನೋಡೂಣು. ಅಷ್ಟ್ರಾಗ ಕೂಡಿದ್ರ ಕೂಡ್ಲಿ. ಇಲ್ಲಂದ್ರ ಒಂದು ಹೋಗೂದ ಖರೇ," ಎಂದು ಕಲ್ಲೇಶ ಎದ್ದು ಹೋದ.

ಮರುದಿನ ಅಜ್ಜ, ಮೊಮ್ಮಗಳು ಎರಡು ಬುಟ್ಟಿ ಹಿಡಿದುಕೊಂಡು ಗಜೇಂದ್ರಗಡದ ದನದ ದವಾಖಾನೆಗೆ ಬಸ್ಸು ಹತ್ತಿದರು. ಬುಟ್ಟಿಯೊಂದು ಅಜ್ಜನ ತೊಡೆಯ ಮೇಲೆ, ಇನ್ನೊಂದು ಅವಳ ತೊಡೆಯ ಮೇಲೆ, ನಡುವೆ ಒಂದು ಸೀಟು. ಕಂಡಕ್ಟರ್ ಏನೆಂದು ಕೇಳಿದ್ದಕ್ಕೆ ರೇಷ್ಮಾ, "ಇಬ್ರೂ ಮಾತ ಬಿಟ್ಟಾರ್ರಿ," ಎಂದಳು.

ಡಾಕ್ಟರ್ ರಾಜೇಶ್ವರಿ ಕಿವಿಗೆ ಔಷಧಿ ಹಚ್ಚಿದಳು. ಆಮೇಲೆ ಒಂದೊಂದನ್ನೇ ಅಂಗಾತ ಮಾಡಿ ನೋಡಿ, ಕನ್ನಡಕದ ಮೇಲಿಂದ ಮುದುಕನನ್ನು ದಿಟ್ಟಿಸಿದಳು. "ಅಜ್ಜಾರ, ನೀವು ಎತ್ತಿನ ಮಲ್ಲೇಶಪ್ಪಾರಲ್ರಿ? ನಿಮಗ ನಾ ಹೇಳ್ಬೇಕೇನ್ರಿ? ಬೀಜ ಒಡಸಲಾರದ ಎರಡ ಹೋರಿ ತಂದು ಒಂದ ನೊಗಕ್ಕ ಹೂಡಿದ್ರ ಏನಾಗತೈತಿ?"

ಮಲ್ಲೇಶಪ್ಪ ಹಣೆ ಚಚ್ಚಿಕೊಂಡ. ನಲವತ್ತು ವರ್ಷ ಜೋಡಿ ಕಟ್ಟಿದವನು! ಬಣ್ಣ ನೋಡಿದ, ಹಲ್ಲು ನೋಡಿದ, ಸುಳಿ ನೋಡಿದ, ಕಿವಿ ಅಳೆದ. ಊರ ಹುಡುಗರೂ ಬಲ್ಲ ಮೊದಲ ಮಾತನ್ನೇ ಮರೆತ. ಇನ್ನೊಬ್ಬರು ಹೀಗೆ ಮಾಡಿದ್ದರೆ ಸಂತೆ ತುಂಬ ಆಡಿಕೊಂಡು ನಗುತ್ತಿದ್ದ. ಕೋಡಿಲ್ಲದ, ಹಾಯದ, ಅಂಗೈಯಲ್ಲಿ ಕೂರುವ ಪ್ರಾಣಿಗೂ ಹೋರಿಯ ರೋಷ ಇರುತ್ತದೆ ಎಂದು ಅವನ ತಲೆಗೇ ಹೊಳೆದಿರಲಿಲ್ಲ.

"ಬುದ್ಧಿ ಮಂದ ಆತ್ರಿ, ಡಾಕ್ಟರ್ ಬಾಯಾರ. ಸಣ್ಣ ಜೀವ ಅಂತ ಸಸಾರ ಮಾಡ್ದೆ," ಎಂದ.

"ಆಪರೇಶನ್ ಮಾಡ್ತೀನ್ರಿ. ನಾ ಮಾಡೀನಿ, ಹೊಸಾದೇನಲ್ಲ. ಆದ್ರ ಎತ್ತಿನಂಗ ಅಲ್ಲ ಇದು. ಇದಕ್ಕ ಮತ್ತಿನ ಸೂಜಿ ತಡ್ಕೊಳ್ಳೂದ ಕಠಿಣ. ಹಂಗೂ ಎಚ್ಚರಾಗದ ಹೋದ್ರ ನನ್ನ ಬೈಬಾರ್ದು. ಇಲ್ಲಿ ಬೆರಳ ಇಡ್ರಿ." ಅವಳು ಮುದುಕನ ಬೆರಳನ್ನು ಹಿಡಿದು ಬೆಣ್ಣಿಯ ಮುಂಗಾಲ ಹಿಂದೆ, ಪಕ್ಕೆಗೆ ಒತ್ತಿದಳು.

ಎತ್ತಿನ ಬಾಲದ ಬುಡದಲ್ಲಿ ನಾಡಿ ಎಣಿಸಬಲ್ಲ ಬೆರಳು ಅದು. ಅದರ ಕೆಳಗೆ ಈಗ ಏನೋ ನಡುಗುತ್ತಿತ್ತು. ಮೊದಲು ಮೊಲ ಹೆದರಿ ನಡುಗುತ್ತಿದೆ ಅಂದುಕೊಂಡ. ನಡುಕವಲ್ಲ, ಗುಂಡಿಗೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸಂದೇ ಇರಲಿಲ್ಲ. ಎಣಿಸಲು ಹೋದ, ಹತ್ತಕ್ಕೆ ಬರುವುದರೊಳಗೆ ಲೆಕ್ಕ ತಪ್ಪಿತು. ಇಷ್ಟು ವೇಗವಾಗಿ ಓಡುವ ಜೀವ ಇಷ್ಟು ಸುಮ್ಮನೆ ಹೇಗೆ ಕೂತಿದೆ? ಅವನು ಬೆರಳು ತೆಗೆಯಲೇ ಇಲ್ಲ. ಡಾಕ್ಟರೇ ಮೆಲ್ಲಗೆ ಬಿಡಿಸಬೇಕಾಯಿತು.

"ರೇಷ್ಮಾ, ಏನ್ ಮಾಡೂಣವಾ? ಬೆಣ್ಣಿ ನಿಂದು. ಸಾಯೂದೂ ಇರಬೋದಂತ."

ಅವಳು ಬುಟ್ಟಿಯ ಅಂಚನ್ನು ಕೆರೆದಳು. "ಮಾಡಲಿಲ್ಲಂದ್ರ ಅದು ಕೊಡದ ಮುಂದ ಕುಂತ ಸಾಯತೈತಿ," ಎಂದಳು.

ಆಪರೇಶನ್ ಆಯಿತು. ಹತ್ತಿ ಬೇಗ ಕಣ್ಣು ಬಿಟ್ಟಿತು. ಬೆಣ್ಣಿ ಬಿಡಲಿಲ್ಲ. ಮಲ್ಲೇಶಪ್ಪ ತನ್ನ ತಲೆಯ ಪಟಗ ಬಿಚ್ಚಿ ಅದಕ್ಕೆ ಸುತ್ತಿ, ಎದೆಗೆ ಒತ್ತಿಕೊಂಡು ದವಾಖಾನೆಯ ಕಟ್ಟೆಯ ಮೇಲೆ ಕೂತ. ಎಮ್ಮೆ ಹಿಡಿದುಕೊಂಡು ಬಂದವರು, ಆಡು ಹೊತ್ತುಕೊಂಡು ಬಂದವರು ಬಂದು ಹೋದರು. ಊಟದ ಹೊತ್ತು ಮೀರಿದ ಮೇಲೆ ಪಟಗದೊಳಗಿಂದ ಒಂದು ಮೂಗು ಹೊರಗೆ ಬಂದು ಗಾಳಿ ಹಿಡಿಯಿತು. ಅರವತ್ತಾರು ವರ್ಷದ ಮುದುಕನ ಕಣ್ಣಲ್ಲಿ ದಳದಳ ನೀರು.

ಹೊರಡುವಾಗ ಡಾಕ್ಟರ್ ಹೇಳಿದಳು: "ಒಂದ ತಿಂಗಳ ಬ್ಯಾರೆ ಬ್ಯಾರೆ ಇಡ್ರಿ, ಮೈಯಾಗಿನ ಕಾವ ಇಳೀಲಿ. ಗೂಡ ಎರಡೂ ಬಾಜೂ ಬಾಜೂ ಇರ್ಲಿ, ಆದ್ರ ಹಲ್ಲ ಮುಟ್ಟಬಾರ್ದು. ಇದರ ಹಾಸಿಗಿ ಅದಕ್ಕ ಹಾಕ್ರಿ, ಅದರದ್ದ ಇದಕ್ಕ. ಆಮ್ಯಾಲ..."

"ಆಮ್ಯಾಲ ಇಬ್ರಿಗೂ ಗುರ್ತಿರಲಾರದ ಜಾಗಾದಾಗ ಬಿಡಬೇಕು, ಹೌದಲ್ರಿ?"

"ಅಯ್ಯ, ನಿಮಗ ಯಾರ ಹೇಳಿದ್ರು?"

"ನಮ್ಮಪ್ಪ," ಎಂದ ಮಲ್ಲೇಶಪ್ಪ. ಅವನಿಗೆ ದಿಗ್ಭ್ರಮೆಯಾಗಿತ್ತು. ಹೊಸ ಎತ್ತು ತಂದರೆ ಕೋಡು ತಾಕದಷ್ಟು ದೂರದಲ್ಲಿ ಕಟ್ಟು, ಒಂದರ ಮೈಮೇಲಿನ ಜೂಲು ಇನ್ನೊಂದಕ್ಕೆ ಹಾಕು, ಮೇವು ಒಂದೇ ಗಳಿಗೆಗೆ ಹಾಕು, ಮೊದಲ ಸಲ ಹೂಡುವಾಗ ಎರಡೂ ನೋಡದ ಹೊಲಕ್ಕೆ ಒಯ್ಯಿ. ಅಪ್ಪ ಕಲಿಸಿದ್ದು ಇಷ್ಟೇ, ಎತ್ತಿಗೆ. ಓದಿ ಬಂದ ಹುಡುಗಿ ಹೇಳುತ್ತಿರುವುದೂ ಅದೇ, ಮೊಲಕ್ಕೆ. ದೊಡ್ಡದಕ್ಕೂ ಸಣ್ಣದಕ್ಕೂ ಶಿವ ಒಂದೇ ಮನಸ್ಸು ಇಟ್ಟಿದ್ದಾನಲ್ಲ ಎಂದು ಬಸ್ಸಿನಲ್ಲಿ ಊರು ಬರುವವರೆಗೆ ಅದನ್ನೇ ಯೋಚಿಸಿದ.

ಅವತ್ತಿನಿಂದ ಅವನ ಕೈಗೆ ಹಳೆಯ ಕೆಲಸ ಮರಳಿತು. ಪಡಸಾಲೆಯಲ್ಲಿ ಎರಡು ಗೂಡು, ನಡುವೆ ನಾಲ್ಕು ಬೆರಳು ಸಂದು. ಬೆಳಿಗ್ಗೆ ಎದ್ದು ಹುಲ್ಲಿನ ಹಾಸಿಗೆ ಅದಲು ಬದಲು ಮಾಡುವುದು. ಹೊಲದ ಬದುವಿನಿಂದ ಕರಿಕಿ ಹುಲ್ಲು ಕಿತ್ತು ತಂದು, ಎರಡು ಕೈಯಲ್ಲಿ ಎರಡು ಹಿಡಿ ಹಿಡಿದು, ಒಂದೇ ಗಳಿಗೆಗೆ ಎರಡೂ ಗೂಡಿಗೆ ಹಾಕುವುದು. ಮೊದಮೊದಲು ಎರಡೂ ಬೆನ್ನು ತಿರುಗಿಸಿ ತಿಂದವು. ಹನ್ನೆರಡನೆಯ ದಿನ ಹತ್ತಿ ಮುಖ ಈ ಕಡೆ ಮಾಡಿ ತಿಂದಿತು. ಇಪ್ಪತ್ತನೆಯ ದಿನ ಎರಡೂ ಜಾಳಿಗೆಯ ಹತ್ತಿರವೇ ಮಲಗಿದ್ದವು. ಗಜ್ಜರಿ ತುಂಡು ಹಿಡಿದುಕೊಂಡು ಮಲ್ಲೇಶಪ್ಪ ಗಂಟೆಗಟ್ಟಲೆ ಗೂಡಿನ ಮುಂದೆ ಕೂತಿರುತ್ತಿದ್ದ. ನಿದ್ದೆಯಲ್ಲಿ ಅವುಗಳ ಮೂಗು ನಿಲ್ಲುವುದು, ಮತ್ತೆ ಶುರುವಾಗುವುದು, ಕಿವಿಯ ತೆಳು ಚರ್ಮದಲ್ಲಿ ಬಿಸಿಲು ಬಿದ್ದಾಗ ಸಣ್ಣ ಸಣ್ಣ ಕೆಂಪು ನರ ಕಾಣುವುದು. ಇಷ್ಟು ವರ್ಷ ಇದನ್ನೆಲ್ಲ ತಾನು ನೋಡದೆ ಹೇಗೆ ಇದ್ದೆ ಎಂದು ಅವನಿಗೆ ಸೋಜಿಗ.

"ಹೊಸಾ ಮದಿಮಗನ್ನ ನೋಡಿದಂಗ ನೋಡ್ತಾರ," ಎಂದು ತಿಪ್ಪವ್ವ ಸೊಸೆಯ ಮುಂದೆ ಹಾಸ್ಯ ಮಾಡಿದಳು. ಆದರೆ ಮಧ್ಯಾಹ್ನ ಅವನು ಹೊಲಕ್ಕೆ ಹೋದಾಗ ತಾನೂ ಹೋಗಿ ಕೂತು ನೋಡುತ್ತಿದ್ದಳು.

ಉಳಿದದ್ದು ಒಂದೇ ಕೆಲಸ, ಅದೇ ಕಗ್ಗಂಟು. ಗುರುತಿಲ್ಲದ ಜಾಗ ಎಲ್ಲಿ? ಬೆಣ್ಣಿ ಒಂದು ವರ್ಷ ಮನೆ ತುಂಬ ಓಡಾಡಿದ ಪ್ರಾಣಿ. ಅಡುಗೆಮನೆ ಅದರದ್ದು, ದೇವರ ಮನೆಯ ಹೊಸ್ತಿಲು ಅದರದ್ದು, ಹಿತ್ತಲು, ಮಾಳಿಗೆ, ಕಾಳಿನ ಚೀಲದ ಸಂದು ಎಲ್ಲಾ ಅದರದ್ದು. ಎಲ್ಲ ಕಡೆ ಗದ್ದ ಉಜ್ಜಿ ತನ್ನದೆಂದು ಗುರುತು ಹಾಕಿತ್ತು. ಪಕ್ಕದ ಮನೆಯಲ್ಲಿ ಬೆಕ್ಕು. ಬಯಲಲ್ಲಿ ನಾಯಿ, ಹದ್ದು.

"ಅಜ್ಜಾ, ಬೆಣ್ಣಿ ಹೋಗಲಾರದ ಜಾಗಾ ಒಂದ ಐತಿ," ಎಂದಳು ರೇಷ್ಮಾ. "ದನದ ಕೊಟಗಿ."

ಮಲ್ಲೇಶಪ್ಪ ಅತ್ತ ಮುಖ ತಿರುಗಿಸಿದ. "ಅಲ್ಲಿ ಬ್ಯಾಡ," ಎಂದ.

"ಯಾಕ?"

"ಬ್ಯಾಡಂದ್ರ ಬ್ಯಾಡ." ಮೊಮ್ಮಗಳ ಮೇಲೆ ದನಿ ಏರಿಸಿದವನೇ ಅಲ್ಲ. ಅವಳು ತುಟಿ ಕಚ್ಚಿಕೊಂಡು ಎದ್ದು ಹೋದಳು. ಅವನಿಗೆ ಆ ಕೊಟ್ಟಿಗೆಯ ಬಾಗಿಲ ಮುಂದೆ ಹಾಯುವುದೂ ಬೇಡವಾಗಿತ್ತು. ಒಳಗೆ ಎರಡು ಗೂಟ ಇವೆ, ಒಂದು ಬಲಕ್ಕೆ, ಒಂದು ಎಡಕ್ಕೆ. ಅವುಗಳನ್ನು ನೋಡಬೇಕಾಗುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂದೇಬಿಟ್ಟಿತು. ಅವತ್ತು ಶಾಲೆಗೆ ರಜೆ. ಹಿಂದಿನ ದಿನವೇ ರೇಷ್ಮಾ ಎರೆಮಣ್ಣು ತಂದು ನಾದಿ, ಪೂಜೆಗೆ ಎರಡು ಎತ್ತು ಮಾಡಿ ಒಣಗಲು ಇಟ್ಟಿದ್ದಳು. ಬೆಳಿಗ್ಗೆ ಕಲ್ಲೇಶ ಚಹಾ ಕುಡಿದ. ಎರಡು ಗೂಡನ್ನು ಒಂದು ಸಲ ನೋಡಿ, ಅಪ್ಪನನ್ನು ಒಂದು ಸಲ ನೋಡಿ, ಟ್ರ್ಯಾಕ್ಟರ್ ತೆಗೆದುಕೊಂಡು ಹೊಲಕ್ಕೆ ಹೋದ. ಹೇಳಿದ್ದಕ್ಕಿಂತ ಅದು ಹೆಚ್ಚಾಯಿತು.

ಮಲ್ಲೇಶಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತಿಪ್ಪವ್ವ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು.

"ಕೀಲಿ ಕೊಡ," ಎಂದ.

ಯಾವ ಕೀಲಿ ಎಂದು ಅವಳು ಕೇಳಲಿಲ್ಲ. ಹೂರಣ ಹತ್ತಿದ ಕೈಯನ್ನು ನಿಧಾನವಾಗಿ ತೊಳೆದು, ಸೆರಗಿಗೆ ಒರೆಸಿ, ಸೊಂಟದಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. ಕೀಲಿ ಬೆಚ್ಚಗಿತ್ತು.

ಬಾಗಿಲು ತೆರೆದಾಗ ಎರಡು ವರ್ಷದ ಧೂಳು ಬೆಳಕಿಗೆ ಎದ್ದಿತು. ಸೆಗಣಿಯ ವಾಸನೆ ಹೋಗಿತ್ತು, ಒಣಮೇವಿನ ಕಣಕಿಯ ವಾಸನೆ ಮಾತ್ರ ಇನ್ನೂ ಗೋಡೆಯಲ್ಲಿತ್ತು. ಗ್ವಾದಲಿಯ ಕಲ್ಲಿನ ಅಂಚು ಎರಡು ಕಡೆ ಸವೆದು ನುಣುಪಾಗಿತ್ತು. ಅಲ್ಲಿ ಎರಡು ಕತ್ತು ಒಂಬತ್ತು ವರ್ಷ ಉಜ್ಜಿದ್ದವು. ಮಲ್ಲೇಶಪ್ಪ ಬಲಗಡೆಯ ನುಣುಪಿನ ಮೇಲೆ ಕೈಯಿಟ್ಟ. ಆಮೇಲೆ ಕಸ ಗುಡಿಸಿ, ನೀರು ಚಿಮುಕಿಸಿ, ಬಾಗಿಲಿಗೆ ಹಲಗೆ ಅಡ್ಡ ಇಟ್ಟು, ಎರಡೂ ಮೊಲಗಳನ್ನು ಒಂದೇ ಸಲ ಎರಡು ಕೈಯಿಂದ ನೆಲಕ್ಕೆ ಬಿಟ್ಟ. ರೇಷ್ಮಾ ಹಲಗೆಯ ಆಚೆ ನಿಂತಳು.

"ಕಾದಾಡಿದ್ರ, ಅಜ್ಜಾ?"

"ಸುಮ್ನ ನೋಡು. ಬಾಯಿ ಬಿಡಬ್ಯಾಡ."

ಎರಡೂ ಬೇರೆ ಬೇರೆ ಮೂಲೆ ಹಿಡಿದವು. ಮೂಸಿದವು. ಬೆಣ್ಣಿ ಗೋಡೆಗುಂಟ ಒಂದು ಸುತ್ತು ಹಾಕಿತು. ಹತ್ತಿ ಎದುರು ಬಂತು. ಎರಡಕ್ಕೂ ನಡುವೆ ಒಂದು ಮೊಳ ಇದ್ದಾಗ ಬೆಣ್ಣಿ ಹಿಂಗಾಲು ಎತ್ತಿ ಧಡ್ ಎಂದು ನೆಲಕ್ಕೆ ಕುಟ್ಟಿತು. ಅದೇ ಸದ್ದು. ಹಲಗೆಯ ಆಚೆ ರೇಷ್ಮಾ ಉಸಿರು ಹಿಡಿದಳು. ಮಲ್ಲೇಶಪ್ಪ ಪಟಗ ಕೈಗೆ ಸುತ್ತಿಕೊಂಡು ಮುಂದೆ ಬಾಗಿದ, ಬಾಗಿದವನು ಹಾಗೇ ತಡೆದ. ಹೆದರಿದ ಕೈ ನಡುವೆ ಬಂದರೆ ಎತ್ತೂ ಹೆದರುತ್ತದೆ. ಅವನು ಗ್ವಾದಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತು, ಮೊಲಗಳ ಕಡೆ ನೋಡದೆ, ಮೆಲ್ಲಗೆ ಮಾತಾಡತೊಡಗಿದ. ಹೊಸ ಜೋಡಿ ಹೂಡಿದಾಗ ಹೊಲದಲ್ಲಿ ಮಾತಾಡುತ್ತಿದ್ದ ದನಿ ಅದು.

"ನೋಡ್ರೆಪಾ, ಇದು ಯಾರ ಜಾಗಾನೂ ಅಲ್ಲ. ಇಲ್ಲಿದ್ದವರು ಹ್ವಾದ್ರು. ಈ ಬಲಕ್ಕ ಸರದಾರ ಇದ್ದ. ಎಡಕ್ಕ ಸಾರಂಗ. ಭಾಳ ಚಲೋ ಇದ್ರು. ನಾ ಒಡದೆ. ಅಬ್ಬಿಗೇರಿಯಾಗ ಸರದಾರ ಎಡಕ್ಕ ಜಾಗಾ ಬಿಟ್ಟ ನಿಲ್ಲತಾನಂತ. ಸಾರಂಗ ಬರ್ತಾನ ಅಂತ. ನಾ ಹೋಗಿ ನೋಡಲಿಲ್ಲ. ಯಾವ ಮಾರಿ ಹೊತ್ತ ಹೋಗ್ಲಿ? ತಪ್ಪಾತೋ ಸರದಾರಾ. ಭಾಳ ದೊಡ್ಡ ತಪ್ಪಾತು."

ಕಣ್ಣು ಒರೆಸಿಕೊಂಡು ತಲೆಯೆತ್ತಿದಾಗ ಹತ್ತಿ ಬೆಣ್ಣಿಯ ಎದುರಿಗೇ ಬಂದು ಕೂತಿತ್ತು. ಮೂಗಿಗೆ ಮೂಗು ಎರಡು ಬೆರಳು ದೂರ. ಹತ್ತಿ ತಲೆ ತಗ್ಗಿಸಿ, ಗದ್ದವನ್ನು ನೆಲಕ್ಕೆ ಚಾಚಿ, ಕಿವಿ ಬೆನ್ನಿಗೆ ಅಂಟಿಸಿ, ಹಾಗೇ ಕಾಯುತ್ತ ಕೂತಿತು. ಸೋತು ತಗ್ಗಿಸಿತೋ, ಕೇಳಿ ತಗ್ಗಿಸಿತೋ, ಮಲ್ಲೇಶಪ್ಪನಿಗೆ ತಿಳಿಯಲಿಲ್ಲ. ಎತ್ತಿನ ಎಲ್ಲ ನಡೆಯನ್ನೂ ಓದಬಲ್ಲವನಿಗೆ ಈ ಒಂದು ನಡೆ ಓದಲು ಬರಲಿಲ್ಲ. ಬೆಣ್ಣಿ ಕದಲಲಿಲ್ಲ. ಹತ್ತಿಯೂ ಕದಲಲಿಲ್ಲ. ಅಂಥ ಓಡುವ ಗುಂಡಿಗೆಯನ್ನು ಎದೆಯಲ್ಲಿ ಇಟ್ಟುಕೊಂಡು ಅಷ್ಟು ಹೊತ್ತು ಕಾಯುವ ಶಕ್ತಿ ಅದಕ್ಕೆ ಎಲ್ಲಿಂದ ಬಂತೋ!

ಬೆಣ್ಣಿ ಮುಂದೆ ಬಾಗಿತು. ಹತ್ತಿಯ ಬಲಗಿವಿಯನ್ನು ಮೂಸಿತು. ತಾನೇ ಹರಿದಿದ್ದ ಅಂಚು. ಅದನ್ನು ನೆಕ್ಕಿತು. ಒಮ್ಮೆ ನಿಲ್ಲಿಸಿ ಮತ್ತೆ ನೆಕ್ಕಿತು. ಆಮೇಲೆ ಹಣೆ, ಆಮೇಲೆ ಮುಚ್ಚಿದ ಕಣ್ಣು, ತಿರುಗಿ ಅದೇ ಕಿವಿ.

ಮಲ್ಲೇಶಪ್ಪ ಎಷ್ಟೋ ಜೋಡಿ ಕಟ್ಟಿದ್ದ. ಎಲ್ಲದರಲ್ಲೂ ಹಗ್ಗ ಅವನ ಕೈಯಲ್ಲಿತ್ತು, ನೊಗ ಅವನ ಕೈಯಲ್ಲಿತ್ತು. ಇಲ್ಲಿ ಅವನ ಕೈಯಲ್ಲಿ ಏನೂ ಇರಲಿಲ್ಲ. ಎರಡೂ ಮೈಗೆ ಮೈ ಹಚ್ಚಿ ಗ್ವಾದಲಿಯ ನೆರಳಲ್ಲಿ ಕಾಲು ಚಾಚಿದವು. ಸಣ್ಣದೊಂದು ಸದ್ದು ಕೇಳಿಸಿತು. ಕಿವಿಗೊಟ್ಟು ಕೇಳಿದ. ಮೊಲಗಳು ಹಲ್ಲಿಗೆ ಹಲ್ಲು ಮೆಲ್ಲಗೆ ತೇಯುತ್ತಿದ್ದವು. ಹಿಂದೆ ಮಧ್ಯಾಹ್ನ ಇದೇ ನೆರಳಲ್ಲಿ ಎರಡು ಎತ್ತು ಮೆಲುಕು ಹಾಕುವ ಸದ್ದನ್ನು ಯಾರೋ ಅಂಗೈಯಷ್ಟು ಮಾಡಿ ಇಟ್ಟಂತಿತ್ತು.

"ಅಜ್ಜಾ," ಎಂದು ರೇಷ್ಮಾ ಪಿಸುಗುಟ್ಟಿದಳು. ಓಡಿಹೋಗಿ ಯಾರಿಗೋ ಹೇಳಬೇಕೆನಿಸಿ, ಮನೆಯೊಳಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ತಿಪ್ಪವ್ವ ನಿಂತಿದ್ದಳು. ಕೈಯಲ್ಲಿ ತಾಟು, ತಾಟಿನಲ್ಲಿ ಕುಂಕುಮ ಹಚ್ಚಿದ ಎರಡು ಮಣ್ಣೆತ್ತು. ಬಿಡಿಬಿಡಿ ಇಟ್ಟರೆ ಬ್ಯಾಲೆನ್ಸ್ ತಪ್ಪಿ ಬೀಳುತ್ತಿದ್ದವೆಂದು ರೇಷ್ಮಾ ಅವುಗಳ ಹೆಗಲನ್ನು ಒಂದಕ್ಕೊಂದು ಹಚ್ಚಿಬಿಟ್ಟಿದ್ದಳು. ತಿಪ್ಪವ್ವ ಮಲಗಿದ ಮೊಲಗಳನ್ನು ನೋಡಿದಳು, ನುಣುಪಾದ ಕಲ್ಲನ್ನು ನೋಡಿದಳು, ಒದ್ದೆಯಾದ ಗಂಡನ ಮುಖವನ್ನೂ ನೋಡಿದಳು.

"ನಾ ಆಗಳೇ ಹೊರಗ ಗ್ವಾಡಿ ಮರಿಗಿ ನಿಂತಿದ್ನಿ," ಎಂದಳು. "ನೀವು ಅವಕ್ಕ ಹೇಳೂದೆಲ್ಲಾ ಕೇಳೀನಿ." ದನಿ ಗಟ್ಟಿಯಾಗಿರಲಿಲ್ಲ. "ಎಡಕ್ಕ ಜಾಗಾ ಬಿಡತೈತಂತ, ಸರದಾರ?"

"ಹೂಂ."

"ಎರಡ ವರ್ಷ ನೀವೊಬ್ಬರ ಮನಸಿನ್ಯಾಗ ಇಟ್ಕೊಂಡಿರಲ್ರೀ ಇದನ್ನ."

ಅವಳು ಹಲಗೆ ದಾಟಿ, ಸೀರೆ ಸದ್ದು ಮಾಡದಂತೆ ಎತ್ತಿ ಹಿಡಿದು ಒಳಗೆ ಬಂದಳು. ಮಣ್ಣೆತ್ತುಗಳನ್ನು ಗ್ವಾದಲಿಯ ಮೇಲೆ ಇಟ್ಟಳು. ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ, ನಡುವೆ ಇಟ್ಟಳು. ಆಮೇಲೆ ಎಲ್ಲಿ ಕೂರಬೇಕೆಂದು ಸುತ್ತ ನೋಡಿದಳು.

ಮಲ್ಲೇಶಪ್ಪ ಮೊಲಗಳಿಗೆ ಎಚ್ಚರವಾಗದಂತೆ ಮೆಲ್ಲಗೆ ಬಲಕ್ಕೆ ಸರಿದು, ತನ್ನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟ.